ಹಕ್ಕಿಗಳ ಲೆಕ್ಕ ಇಟ್ಟ ಸಲೀಂ ಅಲಿ

ಮಕ್ಕಳೇ, ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಒಂದು ಬೇವಿನ ಮರದ ಕೆಳಗೆ ನಿಂತಿದ್ದೀರಿ ಎಂದುಕೊಳ್ಳಿ. ಕೈಯಲ್ಲಿ ಒಂದು ನೋಟುಪುಸ್ತಕ, ಒಂದು ಪೆನ್ಸಿಲ್. ಕಾಲು ಗಂಟೆ ಸುಮ್ಮನೆ ನಿಂತರೆ ಏನೇನು ಕಂಡೀತು? ಕಾಗೆ ಬಂದೇ ಬರುತ್ತದೆ. ಮನೆಯ ಮಾಳಿಗೆಯ ಮೇಲೆ ಪಾರಿವಾಳಗಳು ಇರುತ್ತವೆ. ಗೊರವಂಕಗಳು ಜಗಳವಾಡುತ್ತಿರುತ್ತವೆ. ಮೇಲೆ ಆಕಾಶದಲ್ಲಿ ಒಂದು ಹದ್ದು ಸುತ್ತುತ್ತಿರಬಹುದು. ಅದೃಷ್ಟವಿದ್ದರೆ ಗಿಳಿಗಳ ಗುಂಪೊಂದು ಕಿರುಚುತ್ತಾ ಹಾದುಹೋಗುತ್ತದೆ. ಯಾವ ಹಕ್ಕಿ, ಎಷ್ಟು, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡರೆ ಅದೊಂದು ಪಟ್ಟಿ ಆಯಿತು.

ಇದರಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಇವತ್ತಿನ ಪಟ್ಟಿಯೊಂದರಿಂದಲೇ ಹೆಚ್ಚೇನೂ ತಿಳಿಯುವುದಿಲ್ಲ, ನಿಜ. ಆದರೆ ಮುಂದಿನ ವರ್ಷ ಅದೇ ತಿಂಗಳು, ಅದೇ ಮರದ ಕೆಳಗೆ ಮತ್ತೆ ಎಣಿಸಿದರೆ? ಹತ್ತು ವರ್ಷ ಬಿಟ್ಟು ಇನ್ನೊಬ್ಬರು ಎಣಿಸಿದರೆ? ಅದೇ ಕೆಲಸವನ್ನು ಕಮಲಾಪುರದಲ್ಲಿ, ಮೈಸೂರಿನಲ್ಲಿ, ರಷ್ಯಾದಲ್ಲಿ, ಮಂಗೋಲಿಯಾದಲ್ಲಿಯೂ ಮಾಡಿದರೆ? ಆಗ ಯಾವ ಜೀವಿ ಹೆಚ್ಚುತ್ತಿದೆ, ಯಾವುದು ಕಡಿಮೆಯಾಗುತ್ತಿದೆ, ಯಾವುದು ಸದ್ದಿಲ್ಲದೆ ಮಾಯವಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಇಂದು ಜಗತ್ತಿನ ಹಲವಾರು ದೇಶಗಳು ಸೇರಿ ಈ ಕೆಲಸ ಮಾಡುತ್ತಿವೆ. ಭಾರತದಲ್ಲಿ ಇದಕ್ಕೆ ಭದ್ರವಾದ ತಳಪಾಯ ಹಾಕಿದವರಲ್ಲಿ ಮುಖ್ಯರು ಡಾ. ಸಲೀಂ ಅಲಿ. ನಮ್ಮ ಕಲಬುರಗಿ ಸೇರಿದ್ದ ರಾಜ್ಯದಲ್ಲಿಯೇ ಅವರು ತಮ್ಮ ಮೊದಲ ದೊಡ್ಡ ಹಕ್ಕಿ ಸಮೀಕ್ಷೆ ನಡೆಸಿದರು ಎಂಬುದು ನಿಮಗೆ ಗೊತ್ತೇ?

ಹಳದಿ ಕೊರಳಿನ ಗುಬ್ಬಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ದೊಡ್ಡ ಕುಟುಂಬದ ಕೊನೆಯ ಮಗು. ಒಂದು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಮೂರು ವರ್ಷವಾದಾಗ ತಾಯಿಯೂ ಹೋದರು. ಅನಾಥರಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಹೆಂಡತಿ ಹಮೀದಾ ಬೇಗಂ ಸಾಕಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮಾವನಿಗೆ ಬೇಟೆಯ ಹವ್ಯಾಸವಿತ್ತು. ಹುಡುಗನಿಗೂ ಒಂದು ಚಿಕ್ಕ ಏರ್ ಗನ್ ಸಿಕ್ಕಿತು. ಆ ಕಾಲದಲ್ಲಿ ಗುಬ್ಬಿ ಹೊಡೆಯುವುದು ಹುಡುಗರಿಗೆ ಒಂದು ಆಟ. ಇಂದು ನಾವು ಅದನ್ನು ಒಪ್ಪುವುದಿಲ್ಲ. ಆದರೆ ಕಥೆ ನಡೆದದ್ದು ಹಾಗೆಯೇ.

ಸುಮಾರು 1908ರಲ್ಲಿ ಒಂದು ದಿನ ಹೊಡೆದ ಗುಬ್ಬಿಯನ್ನು ಕೈಗೆತ್ತಿಕೊಂಡಾಗ ಸಲೀಂ ಬೆರಗಾದ. ಅದರ ಕೊರಳಿನಲ್ಲಿ ಅರಿಶಿನ ಹಚ್ಚಿದಂತೆ ಹಳದಿ ಮಚ್ಚೆ ಇತ್ತು. ಮನೆಯ ಗುಬ್ಬಿಗಳಿಗೆ ಹಾಗಿರುವುದಿಲ್ಲವಲ್ಲ! ಮಾವನನ್ನು ಕೇಳಿದ. ಮಾವನಿಗೂ ಗೊತ್ತಾಗಲಿಲ್ಲ. ಆದರೆ ಅವರು ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. 1883ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಪ್ರಾಣಿ, ಪಕ್ಷಿ, ಗಿಡಮರಗಳ ಅಧ್ಯಯನ ನಡೆಸುತ್ತಿತ್ತು, ಈಗಲೂ ನಡೆಸುತ್ತಿದೆ. ಅದರ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಇಂಗ್ಲಿಷ್ ಗೃಹಸ್ಥರ ಹತ್ತಿರ ಹೋಗಿ ಕೇಳು ಎಂದು ಚೀಟಿ ಕೊಟ್ಟು ಕಳಿಸಿದರು.

ಸತ್ತ ಗುಬ್ಬಿಯನ್ನು ಹಿಡಿದುಕೊಂಡು ಅಳುಕುತ್ತಾ ಬಂದ ಹುಡುಗನನ್ನು ಮಿಲ್ಲರ್ಡ್ ಪ್ರೀತಿಯಿಂದ ಕರೆದು ಕೂರಿಸಿದರು. ಅದು ಹಳದಿ ಕೊರಳಿನ ಗುಬ್ಬಿ ಎಂದು ನೋಡಿದ ಕೂಡಲೇ ಹೇಳಿದರು. ಬಳಿಕ ಒಂದೊಂದೇ ಮೇಜಿನ ಖಾನೆಗಳನ್ನು ಎಳೆದು ತೋರಿಸಿದರು. ಒಳಗೆ ನೂರಾರು ಹಕ್ಕಿಗಳು! ಎಲ್ಲವೂ ಚರ್ಮ ಬಿಡಿಸಿ, ಹತ್ತಿ ತುಂಬಿ ಇಟ್ಟವು. ಪ್ರತಿಯೊಂದರ ಕಾಲಿಗೂ ಒಂದು ಸಣ್ಣ ಚೀಟಿ. ಅದರಲ್ಲಿ ಹಕ್ಕಿಯ ಹೆಸರು, ಸಿಕ್ಕ ಊರು, ದಿನಾಂಕ. ಓದಲು ಪುಸ್ತಕಗಳೂ ಸಿಕ್ಕವು. ಹಕ್ಕಿಯನ್ನು ಕೆಡದಂತೆ ಇಡುವುದು ಹೇಗೆಂದು ಕಲಿಯಲು ಅವಕಾಶವೂ ಸಿಕ್ಕಿತು. ಆ ಚೀಟಿಗಳ ಬೆಲೆ ಏನೆಂದು ಹುಡುಗನಿಗೆ ಅಂದು ಪೂರ್ತಿ ಅರ್ಥವಾಗಿರಲಾರದು. ಎಲ್ಲಿ, ಯಾವಾಗ ಎಂಬ ಎರಡು ಸಂಗತಿಗಳಿಲ್ಲದಿದ್ದರೆ ಹಕ್ಕಿಯ ಮಾದರಿ ಬರೀ ಗೊಂಬೆ. ಅವೆರಡೂ ಇದ್ದರೆ ಅದು ದಾಖಲೆ.

ಪದವಿ ಇಲ್ಲದ ವಿಜ್ಞಾನಿ

ಸಲೀಂ ಶಾಲೆಯಲ್ಲಿ ಬಹಳ ಜಾಣ ವಿದ್ಯಾರ್ಥಿಯೇನೂ ಆಗಿರಲಿಲ್ಲ. ತಲೆನೋವಿನ ಕಾಟದಿಂದ ಆಗಾಗ ಶಾಲೆ ತಪ್ಪುತ್ತಿತ್ತು. 1913ರಲ್ಲಿ ಹೇಗೋ ಮೆಟ್ರಿಕ್ ಪಾಸಾದರು. ಕಾಲೇಜಿಗೆ ಸೇರಿದರೂ ಗಣಿತ ಕಷ್ಟವಾಗಿ ಮೊದಲ ವರ್ಷದಲ್ಲೇ ಬಿಟ್ಟರು. ಮನೆಯವರು ಬರ್ಮಾ ದೇಶಕ್ಕೆ ಕಳಿಸಿದರು. ಅಲ್ಲಿ ಕುಟುಂಬದ ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರವಿತ್ತು. ಸುತ್ತಲೂ ದಟ್ಟ ಕಾಡು. ವ್ಯಾಪಾರ ನೋಡಿಕೊಳ್ಳಬೇಕಾದವರು ಹಕ್ಕಿ ನೋಡುತ್ತಾ ಕುಳಿತರೆ ಏನಾದೀತು? ನಡುವೆ ಮುಂಬಯಿಗೆ ಬಂದು ಸ್ವಲ್ಪ ವಾಣಿಜ್ಯ, ಸ್ವಲ್ಪ ಪ್ರಾಣಿಶಾಸ್ತ್ರ ಓದಿದರು. 1918ರಲ್ಲಿ ತೆಹಮೀನಾ ಅವರೊಂದಿಗೆ ಮದುವೆಯಾಯಿತು. ಮತ್ತೆ ಬರ್ಮಾಕ್ಕೆ ಹೋದರು. ವ್ಯಾಪಾರ ಮುಳುಗಿತು. 1924ರಲ್ಲಿ ಬರಿಗೈಯಲ್ಲಿ ಊರಿಗೆ ಮರಳಿದರು.

ಹಕ್ಕಿಗಳ ಬಗ್ಗೆ ಇಷ್ಟು ತಿಳಿದಿದ್ದರೂ ಸರ್ಕಾರದ ಪ್ರಾಣಿಶಾಸ್ತ್ರ ಸಮೀಕ್ಷೆಯಲ್ಲಿ ಕೆಲಸ ಸಿಗಲಿಲ್ಲ. ವಿಶ್ವವಿದ್ಯಾಲಯದ ಪದವಿ ಇರಲಿಲ್ಲವೆಂಬುದೇ ಕಾರಣ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸುವ ಕೆಲಸ ಸಿಕ್ಕಿತು. ಎರಡು ವರ್ಷದಲ್ಲಿ ಅದೂ ಸಾಕೆನಿಸಿತು. ಇನ್ನೂ ಕಲಿಯಬೇಕೆಂದು ರಜೆ ಹಾಕಿ ಜರ್ಮನಿಯ ಬರ್ಲಿನ್‌ಗೆ ಹೋದರು. ಅಲ್ಲಿನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ಹೆಸರಾಂತ ಪಕ್ಷಿವಿಜ್ಞಾನಿ ಇದ್ದರು. ಸಲೀಂ ಅವರು ಕೊನೆಯವರೆಗೂ ಇವರನ್ನೇ ತಮ್ಮ ಗುರು ಎಂದು ಭಾವಿಸಿದ್ದರು. ಹೆಲಿಗೋಲೆಂಡ್ ಎಂಬ ಪುಟ್ಟ ದ್ವೀಪಕ್ಕೂ ಹೋಗಿ, ವಲಸೆ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವುದನ್ನು ಕಣ್ಣಾರೆ ಕಂಡರು. ಈ ಉಂಗುರದ ವಿಷಯ ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

1930ರಲ್ಲಿ ತಿರುಗಿ ಬಂದರೆ ಹಳೆಯ ಕೆಲಸವೇ ಇಲ್ಲ! ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಗಂಡ ಹೆಂಡತಿ ಇಬ್ಬರೂ ಮುಂಬಯಿಯ ಆಚೆ ಸಮುದ್ರದ ದಂಡೆಯಲ್ಲಿರುವ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ನೀವು ಕಮಲಾಪುರದ ಕಡೆ ಹೋದರೆ ಹೊಲದ ಬಾವಿಯ ಮೇಲೆ ಬಾಗಿದ ಜಾಲಿ ಮರಗಳಲ್ಲಿ ಸೋರೆಬುರುಡೆಯಂತೆ ತೂಗುವ ಗೂಡುಗಳನ್ನು ನೋಡಿರಬಹುದು. ಅವನ್ನು ನೇಯುವುದು ಗಂಡು ಗೀಜಗ. ಸಲೀಂ ಅವರು ಮರೆಯಲ್ಲಿ ಕುಳಿತು ತಿಂಗಳುಗಟ್ಟಲೆ ನೋಡಿದರು. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಪರೀಕ್ಷಿಸುತ್ತವೆ. ಒಂದು ಹೆಣ್ಣು ಒಪ್ಪಿದರೆ ಗಂಡು ಗೂಡನ್ನು ಪೂರ್ತಿ ಮಾಡಿಕೊಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಕಾವು ಕೊಡತೊಡಗಿದರೆ ಗಂಡು ಪಕ್ಕದಲ್ಲಿ ಇನ್ನೊಂದು ಗೂಡು ಶುರುಮಾಡುತ್ತದೆ, ಇನ್ನೊಂದು ಹೆಣ್ಣಿಗಾಗಿ! ಈ ಸಂಗತಿಯನ್ನು ಅವರು ವಿವರವಾಗಿ ಬರೆದು 1931ರಲ್ಲಿ ಪ್ರಕಟಿಸಿದರು. ಕೆಲಸ ಹೋದದ್ದರಿಂದಲೇ ಈ ಶೋಧ ಆಯಿತೆಂದು ಹೇಳಿದರೆ ತಪ್ಪಾಗದು.

ನಮ್ಮ ಸೀಮೆಯ ಹಕ್ಕಿಗಳ ಸಮೀಕ್ಷೆ

ಸಂಬಳದ ಕೆಲಸವಿಲ್ಲದ ಸಲೀಂ ಅವರು ಒಂದು ಉಪಾಯ ಮಾಡಿದರು. ಆಗ ದೇಶದ ತುಂಬಾ ರಾಜರ ಸಂಸ್ಥಾನಗಳಿದ್ದವು. ಅವುಗಳಲ್ಲಿ ಯಾವ ಹಕ್ಕಿಗಳಿವೆ ಎಂದು ಸರಿಯಾಗಿ ಯಾರೂ ಬರೆದಿಟ್ಟಿರಲಿಲ್ಲ. ಓಡಾಟದ, ಬಿಡಾರದ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ, ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂದು ತಿಳಿಸಿದರು. ಹೀಗೆ ಮೊದಲು ಶುರುವಾದದ್ದು ಹೈದರಾಬಾದ್ ನಿಜಾಮರ ರಾಜ್ಯದ ಸಮೀಕ್ಷೆ. ಅದು ನಡೆದದ್ದು 1931 ಮತ್ತು 1932ರಲ್ಲಿ.

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ನಿಜಾಮರ ಕಾಲದ ಮಾತು ಮನೆಯಲ್ಲಿ ಇನ್ನೂ ಉಳಿದಿರಬಹುದು. ಆಗ ಗುಲ್ಬರ್ಗ ಎಂದು ಕರೆಯುತ್ತಿದ್ದ ನಮ್ಮ ಕಲಬುರಗಿ, ರಾಯಚೂರು, ಬೀದರ್ ಎಲ್ಲವೂ ಆ ರಾಜ್ಯಕ್ಕೆ ಸೇರಿದ್ದವು. ಈಗಿನ ತೆಲಂಗಾಣ, ಮಹಾರಾಷ್ಟ್ರದ ಮರಾಠವಾಡ ಕೂಡ ಅದರಲ್ಲಿದ್ದವು. ಒಟ್ಟು ವಿಸ್ತೀರ್ಣ ಎರಡು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಗೋದಾವರಿಯ ದಂಡೆಯ ತೇಗದ ಕಾಡು, ಕೃಷ್ಣೆಯ ಬದಿಯ ಬಂಡೆಗುಡ್ಡಗಳು, ನಮ್ಮ ಕಡೆಯ ಎರೆಭೂಮಿಯ ಬಯಲು, ಎಲ್ಲಾ ಬಗೆಯ ನೆಲವೂ ಅದರಲ್ಲಿತ್ತು.

ಸಮೀಕ್ಷೆ ಎಂದರೆ ಸುಮ್ಮನೆ ಸುತ್ತಾಡುವುದಲ್ಲ. ಒಂದು ಜಾಗ ಗೊತ್ತುಮಾಡಿ ಡೇರೆ ಹಾಕಬೇಕು. ಸೂರ್ಯ ಹುಟ್ಟುವ ಮೊದಲೇ ಹೊರಡಬೇಕು. ಕಂಡ ಹಕ್ಕಿ, ಕೇಳಿದ ಕೂಗು, ಗೂಡು, ಮೊಟ್ಟೆ ಎಲ್ಲವನ್ನೂ ಆಗಲೇ ಬರೆಯಬೇಕು. ಗುರುತಿಗಾಗಿ ಕೆಲವು ಹಕ್ಕಿಗಳನ್ನು ಕೊಂದು ಮಾದರಿ ಮಾಡುವುದು ಆಗಿನ ಪದ್ಧತಿ. ಒಳ್ಳೆಯ ದುರ್ಬೀನು, ಕ್ಯಾಮೆರಾಗಳು ಸುಲಭವಾಗಿ ಸಿಗದಿದ್ದ ಆ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಡೇರೆಯೊಳಗೆ ಕುಳಿತು ಮಾದರಿಗಳನ್ನು ಸಿದ್ಧಮಾಡಿ, ಅಳತೆ ತೆಗೆದು, ಚೀಟಿ ಕಟ್ಟಬೇಕು. ಆಮೇಲೆ ಡೇರೆ ಕಿತ್ತು ಮುಂದಿನ ಜಾಗಕ್ಕೆ. ಇಂಗ್ಲೆಂಡಿನಲ್ಲಿ ಓದಿ ಬೆಳೆದ ತೆಹಮೀನಾ ಅವರು ಈ ಕಷ್ಟದ ಓಡಾಟದಲ್ಲಿ ಗಂಡನ ಜೊತೆಗೇ ಇದ್ದರು, ಬಿಡಾರದ ಕೆಲಸವನ್ನು ನೋಡಿಕೊಂಡರು. ಸಲೀಂ ಅಲಿಯವರ ಹೆಸರು ಹೇಳುವಾಗ ಈ ಹೆಣ್ಣುಮಗಳನ್ನು ಮರೆಯಬಾರದು.

ಹೈದರಾಬಾದ್ ಸಮೀಕ್ಷೆಯ ವರದಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ನಮ್ಮ ನಾಡಿನ ಈ ಒಣ ಭಾಗದಲ್ಲಿ ಸುಮಾರು 95 ವರ್ಷಗಳ ಹಿಂದೆ ಯಾವ ಹಕ್ಕಿಗಳಿದ್ದವು ಎಂದು ತಿಳಿಯಬೇಕಾದರೆ ಇಂದಿಗೂ ವಿಜ್ಞಾನಿಗಳು ಅದನ್ನೇ ತೆರೆದು ನೋಡುತ್ತಾರೆ.

ಆಮೇಲೆ ಕೊಚ್ಚಿ, ತಿರುವಾಂಕೂರು, ಮಧ್ಯಭಾರತದ ಸಂಸ್ಥಾನಗಳು ಹೀಗೆ ಒಂದಾದ ಮೇಲೊಂದು ಸಮೀಕ್ಷೆ ನಡೆದವು. 1939ರಲ್ಲಿ ಒಂದು ಚಿಕ್ಕ ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ಅನಿರೀಕ್ಷಿತವಾಗಿ ತೀರಿಕೊಂಡರು. ಸಲೀಂ ಅವರು ತುಂಬಾ ಕುಗ್ಗಿಹೋದರು. ಅವರಿಗೆ ಮಕ್ಕಳಿರಲಿಲ್ಲ. ಅದೇ ವರ್ಷ ಮೈಸೂರು ಸಂಸ್ಥಾನದ ಸಮೀಕ್ಷೆ ಇತ್ತು. ಈ ಬಾರಿ ಬಿಡಾರದಲ್ಲಿ ಜೊತೆಗೆ ಹೆಂಡತಿ ಇಲ್ಲ. ಆದರೂ ಹೊರಟರು. ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ಸಣ್ಣ ಸಣ್ಣ ನಡುಗಡ್ಡೆಗಳಲ್ಲಿ ಕೊಕ್ಕರೆಗಳೂ ಬೆಳ್ಳಕ್ಕಿಗಳೂ ಸಾವಿರಗಟ್ಟಲೆ ಗೂಡು ಕಟ್ಟುವುದನ್ನು ನೋಡಿದರು. ಈ ಜಾಗವನ್ನು ಕಾಪಾಡಬೇಕೆಂದು ಮೈಸೂರಿನ ಅರಸರಿಗೆ ಸಲಹೆ ಕೊಟ್ಟರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ಇಂದಿನ ರಂಗನತಿಟ್ಟು. ನಿಮ್ಮಲ್ಲಿ ಕೆಲವರು ಶಾಲಾ ಪ್ರವಾಸದಲ್ಲಿ ಅಲ್ಲಿ ದೋಣಿಯಲ್ಲಿ ಕುಳಿತು ಮೊಸಳೆಗಳನ್ನು ನೋಡಿರಬಹುದು.

ಹಳೆಯ ಪಟ್ಟಿ, ಹೊಸ ಪಟ್ಟಿ

ಇಂತಹ ಹಳೆಯ ಸಮೀಕ್ಷೆಯಿಂದ ಇಂದು ಏನು ಉಪಯೋಗ? ಒಂದು ಉದಾಹರಣೆ ನೋಡೋಣ. 1933ರಲ್ಲಿ ಸಲೀಂ ಅವರು ಕೊಚ್ಚಿ ಮತ್ತು ತಿರುವಾಂಕೂರಿನಲ್ಲಿ ಡೇರೆ ಹಾಕಿದ್ದ ಜಾಗಗಳಿಗೆ 2009ರಲ್ಲಿ ಕೇರಳದ ಪಕ್ಷಿತಜ್ಞರು ಮತ್ತೆ ಹೋದರು. ಅದೇ ಜಾಗ, ಅದೇ ಬಗೆಯ ಎಣಿಕೆ. ಸಲೀಂ ಅವರ ಸಮೀಕ್ಷೆಯಲ್ಲಿ ಅಲ್ಲಿ ಒಂದೂ ನವಿಲು ಕಂಡಿರಲಿಲ್ಲ. 2009ರಲ್ಲಿ ಹಲವು ಜಾಗಗಳಲ್ಲಿ ನವಿಲು ಇತ್ತು! ನವಿಲು ಒಣ ಹವೆಯನ್ನು ಇಷ್ಟಪಡುವ ಹಕ್ಕಿ. ಮಳೆಯ ನಾಡಾದ ಕೇರಳದಲ್ಲಿ ಅದು ಹರಡಿತೆಂದರೆ ನೆಲದಲ್ಲಿ, ಹವೆಯಲ್ಲಿ ಏನೋ ಬದಲಾಗುತ್ತಿದೆ ಎಂದು ವಿಜ್ಞಾನಿಗಳು ಯೋಚಿಸತೊಡಗಿದರು. ಹಳೆಯ ಪಟ್ಟಿ ಇಲ್ಲದಿದ್ದರೆ ನವಿಲು ಮೊದಲಿನಿಂದಲೂ ಅಲ್ಲಿತ್ತು ಎಂದೇ ಎಲ್ಲರೂ ತಿಳಿದುಬಿಡುತ್ತಿದ್ದರು.

ಹೀಗೆ ಬಹಳ ಕಾಲ ಬಿಡದೆ ಗಮನಿಸಿ, ಹೋಲಿಸಿ ನೋಡುವುದನ್ನು ಮೇಲ್ವಿಚಾರಣೆ ಎಂದು ಕರೆಯೋಣ. ಇದರಲ್ಲಿ ಮುಖ್ಯವಾದದ್ದು ಒಂದೇ ರೀತಿ ಎಣಿಸುವುದು. ಒಂದು ವರ್ಷ ಬೆಳಿಗ್ಗೆ, ಇನ್ನೊಂದು ವರ್ಷ ಮಟಮಟ ಮಧ್ಯಾಹ್ನ ಎಣಿಸಿದರೆ ಹಕ್ಕಿಗಳು ಕಡಿಮೆಯಾದವೋ, ಬಿಸಿಲಿಗೆ ನೆರಳಿನಲ್ಲಿ ಅಡಗಿವೆಯೋ ಹೇಗೆ ಗೊತ್ತಾಗಬೇಕು?

ಕಾಲಿಗೆ ಉಂಗುರ

ಹಕ್ಕಿಗಳಿಗೆ ದೇಶದ ಗಡಿ ಇಲ್ಲ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಬಾತುಗಳಲ್ಲಿ ಹಲವು ದೂರದ ಸೈಬೀರಿಯಾ, ಮಧ್ಯ ಏಷ್ಯಾದವು. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಬರುತ್ತವೆ. ಹಾಗಾದರೆ ಇಲ್ಲಿ ಹಕ್ಕಿ ಕಡಿಮೆಯಾದರೆ ತಪ್ಪು ನಮ್ಮ ಕೆರೆಯದೋ, ಅದು ಮೊಟ್ಟೆ ಇಡುವ ದೇಶದ್ದೋ, ದಾರಿಯದೋ? ಇದನ್ನು ತಿಳಿಯಲು ಹಲವು ದೇಶಗಳು ಕೂಡಿ ಕೆಲಸ ಮಾಡಬೇಕು. ಅದಕ್ಕೊಂದು ಸುಲಭ ಸಾಧನವೇ ಉಂಗುರ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್‌ಸೆನ್ ಎಂಬ ಶಿಕ್ಷಕರು ಹಕ್ಕಿಗಳ ಕಾಲಿಗೆ ಸಂಖ್ಯೆ ಕೊರೆದ ಹಗುರವಾದ ಉಂಗುರ ತೊಡಿಸುವ ಪದ್ಧತಿ ಆರಂಭಿಸಿದರು. ಹೌದು, ಅವರೂ ಶಾಲಾ ಮಾಸ್ತರರೇ!

ಭಾರತದಲ್ಲಿ ಇದು 1920ರ ದಶಕದಲ್ಲಿ ಸಣ್ಣದಾಗಿ ಶುರುವಾಗಿತ್ತು. ದೊಡ್ಡದಾಗಿ ಮಾಡಲು ಹಣವಿರಲಿಲ್ಲ. ಆ ಅವಕಾಶ ಬಂದದ್ದು ನಮ್ಮ ಕರ್ನಾಟಕದ ಒಂದು ರೋಗದಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿ ಬಂದ ಜನರಿಗೂ ವಿಪರೀತ ಜ್ವರ ಬಂದು ಕೆಲವರು ಸತ್ತರು. ಅದೇ ಮಂಗನ ಕಾಯಿಲೆ. ಅದನ್ನು ಹರಡುವುದು ಉಣ್ಣಿ. ಅದರ ವೈರಾಣು ರಷ್ಯಾದ ಒಂದು ರೋಗದ ವೈರಾಣುವನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳೊಂದಿಗೆ ಅದು ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು.

ಅನುಮಾನವನ್ನು ಪರೀಕ್ಷಿಸಬೇಕಾದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂದು ಗೊತ್ತಿರಬೇಕಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಸೊಸೈಟಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ಹಾಕತೊಡಗಿತು. ರಾಜಸ್ಥಾನದ ಭರತಪುರ ಇದರ ಮುಖ್ಯ ಕೇಂದ್ರಗಳಲ್ಲೊಂದು. ನವಿರಾದ ಬಲೆಯಲ್ಲಿ ಹಕ್ಕಿಯನ್ನು ನೋವಾಗದಂತೆ ಹಿಡಿದು, ತೂಕ ನೋಡಿ, ಅಳೆದು, ಉಂಗುರ ತೊಡಿಸಿ ಹಾರಿಬಿಡುತ್ತಿದ್ದರು. ಉಂಗುರದ ಮೇಲೆ ಒಂದು ಸಂಖ್ಯೆ, ಮತ್ತು ಸಿಕ್ಕವರು ಮುಂಬಯಿಯ ಸೊಸೈಟಿಗೆ ತಿಳಿಸಬೇಕೆಂಬ ಕೋರಿಕೆ. ವರ್ಷಗಳುರುಳಿದಂತೆ ಉಂಗುರ ತೊಟ್ಟ ಹಕ್ಕಿಗಳ ಸಂಖ್ಯೆ ಲಕ್ಷ ದಾಟಿತು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೈಬೀರಿಯಾ, ಕಜಕಸ್ತಾನದ ಕಡೆ ಸಿಕ್ಕವೆಂದು ಅಲ್ಲಿಂದ ಸುದ್ದಿ ಬಂದಿತು. ಭೂಪಟದ ಮೇಲೆ ಗೆರೆ ಎಳೆದು ಹಕ್ಕಿಗಳ ದಾರಿಯನ್ನು ಗುರುತಿಸಲು ಸಾಧ್ಯವಾಯಿತು.

ಮಂಗನ ಕಾಯಿಲೆಯನ್ನು ಹಕ್ಕಿಗಳೇ ತಂದವು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ವಿಜ್ಞಾನದಲ್ಲಿ ಹೀಗೂ ಆಗುತ್ತದೆ. ಒಂದನ್ನು ಹುಡುಕಲು ಹೊರಟರೆ ಇನ್ನೊಂದು ಸಿಗುತ್ತದೆ. ಇಂದು ಉಂಗುರದ ಜೊತೆಗೆ ಬಣ್ಣದ ಕೊರಳಪಟ್ಟಿ, ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಯಂತ್ರಗಳೂ ಬಂದಿವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ.

ತಮ್ಮ ಮಾತೇ ತಪ್ಪಾದಾಗ

ದೊಡ್ಡವರ ಬಗ್ಗೆ ಬರೆಯುವಾಗ ಬರೀ ಗೆಲುವುಗಳನ್ನೇ ಹೇಳುವುದು ರೂಢಿ. ಸಲೀಂ ಅವರ ಜೀವನದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಭರತಪುರದ ಜೌಗಿನಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ಮೇಯುತ್ತಿದ್ದವು. ಇದರಿಂದ ಹಕ್ಕಿಗಳಿಗೆ ತೊಂದರೆ, ಮೇವು ನಿಲ್ಲಬೇಕು ಎಂಬುದು ಸಲೀಂ ಮತ್ತು ಇತರ ತಜ್ಞರ ಅಭಿಪ್ರಾಯವಾಗಿತ್ತು. 1982ರಲ್ಲಿ ಸರ್ಕಾರ ಮೇವನ್ನು ನಿಷೇಧಿಸಿತು. ಹಳ್ಳಿಗರು ಪ್ರತಿಭಟಿಸಿದರು. ಗೋಲಿಬಾರ್ ಆಗಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಆಮೇಲೆ ಏನಾಯಿತು? ಎಮ್ಮೆಗಳಿಲ್ಲದ ಜೌಗಿನಲ್ಲಿ ಒಂದು ಜಾತಿಯ ಹುಲ್ಲು ಎಗ್ಗಿಲ್ಲದೆ ಬೆಳೆದು ನೀರನ್ನೇ ಮುಚ್ಚಿಬಿಟ್ಟಿತು. ಮೀನು ಕಡಿಮೆಯಾಯಿತು. ಬಾತುಗಳಿಗೆ ಈಜಲು, ಕೊಕ್ಕರೆಗಳಿಗೆ ಗೆಡ್ಡೆ ಕೆದಕಲು ಜಾಗ ಇಲ್ಲದಾಯಿತು. ಇದನ್ನು ಕಂಡುಹಿಡಿದವರು ಯಾರು ಗೊತ್ತೇ? ಸಲೀಂ ಅವರ ಸೊಸೈಟಿಯ ವಿಜ್ಞಾನಿಗಳೇ! 1980ರಿಂದ ಹತ್ತು ವರ್ಷ ಅಲ್ಲೇ ಇದ್ದು ನೀರು, ಹುಲ್ಲು, ಹಕ್ಕಿ ಎಲ್ಲವನ್ನೂ ಅಳೆದು, ಎಣಿಸಿ, ಎಮ್ಮೆಗಳು ಆ ಜೌಗಿಗೆ ಬೇಕು ಎಂದು ವರದಿ ಕೊಟ್ಟರು. ಎಣಿಕೆ ಯಾರ ಮುಖವನ್ನೂ ನೋಡುವುದಿಲ್ಲ. ಸಲೀಂ ಅಲಿಯವರ ಮುಖವನ್ನೂ ನೋಡಲಿಲ್ಲ.

ಅದೇ ಭರತಪುರದ ಎಣಿಕೆ ಮುಂದೆ ಇನ್ನೂ ದೊಡ್ಡ ಸಂಗತಿಯನ್ನು ಹೊರಗೆಡವಿತು. 1980ರ ದಶಕದಲ್ಲಿ ಅಲ್ಲಿ ರಣಹದ್ದುಗಳ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. ರಣಹದ್ದು ಎಲ್ಲೆಲ್ಲೂ ಕಾಣುವ ಹಕ್ಕಿ, ಅದನ್ನು ಯಾಕೆ ಎಣಿಸಬೇಕು ಎಂದು ಯಾರಾದರೂ ನಕ್ಕಿರಬಹುದು. 1990ರ ದಶಕದ ಕೊನೆಯಲ್ಲಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಮತ್ತೆ ಎಣಿಸಿದಾಗ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಭಾಗ ಕಡಿಮೆಯಾಗಿದ್ದವು! ಉಳಿದ ಕಡೆ ಎಣಿಸಿದರೆ ಅಲ್ಲಿಯೂ ಅದೇ ಕಥೆ. ಕಾರಣ ತಿಳಿದದ್ದು 2003ರ ಹೊತ್ತಿಗೆ, ನೆರೆಯ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ. ದನಕರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡವನ್ನು ಹಾಳುಮಾಡುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿತು. ಹಳೆಯ ಎಣಿಕೆ ಇರದಿದ್ದರೆ ರಣಹದ್ದು ಎಷ್ಟು ಬೇಗ ಕಡಿಮೆಯಾಯಿತೆಂದು ಅಷ್ಟು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ.

ಎರೆಭೂಮಿಯ ದೊಡ್ಡ ಹಕ್ಕಿ

ಸಲೀಂ ಅವರಿಗೆ ಇನ್ನೊಂದು ಹಕ್ಕಿಯ ಮೇಲೆ ವಿಶೇಷ ಮಮತೆ. ನಮ್ಮ ಉತ್ತರ ಕರ್ನಾಟಕದಲ್ಲಿ ಎರೆಭೂತ ಎಂದು ಕರೆಯುವ ಹಕ್ಕಿ ಅದು. ಸುಮಾರು ಒಂದು ಮೀಟರ್ ಎತ್ತರ, ಉದ್ದ ಕತ್ತು, ಹಾರುವ ಹಕ್ಕಿಗಳಲ್ಲೇ ಬಹಳ ಭಾರವಾದವುಗಳಲ್ಲಿ ಒಂದು. ಜೋಳ, ಕಡಲೆ ಬೆಳೆಯುವ ಬಯಲು ಮತ್ತು ಹುಲ್ಲುಗಾವಲು ಅದರ ಮನೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಇದನ್ನೇ ರಾಷ್ಟ್ರಪಕ್ಷಿ ಮಾಡಿದರೆ ಜನ ಕಾಪಾಡುತ್ತಾರೆ ಎಂದು ಸಲೀಂ ವಾದಿಸಿದರು. ಆದರೆ 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ನವಿಲು ಇಂದು ಊರೂರಲ್ಲಿದೆ. ಎರೆಭೂತಗಳು ಇಡೀ ಪ್ರಪಂಚದಲ್ಲಿ 200ಕ್ಕಿಂತ ಕಡಿಮೆ ಉಳಿದಿವೆ, ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ.

ಇನ್ನು ಅವರ ಪುಸ್ತಕಗಳು. 1941ರಲ್ಲಿ ಬಂದ ಭಾರತದ ಹಕ್ಕಿಗಳ ಪುಸ್ತಕ ಬಣ್ಣದ ಚಿತ್ರಗಳೊಂದಿಗೆ ಸಾಮಾನ್ಯ ಜನರ ಕೈಗೆ ಹಕ್ಕಿಗಳನ್ನು ತಂದುಕೊಟ್ಟಿತು. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂದಿತು. ಭಾರತ, ಪಾಕಿಸ್ತಾನ, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ ಎಲ್ಲ ದೇಶಗಳ ಹಕ್ಕಿಗಳೂ ಅದರಲ್ಲಿವೆ. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ಪದವಿ ಇಲ್ಲವೆಂದು ಕೆಲಸ ಸಿಗದ ವ್ಯಕ್ತಿಗೆ ಮೂರು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. ದೊಡ್ಡದೊಂದು ಅಂತಾರಾಷ್ಟ್ರೀಯ ಪ್ರಶಸ್ತಿಯ ಹಣ ಬಂದಾಗ ಅದನ್ನು ಸೊಸೈಟಿಯ ಸಂರಕ್ಷಣಾ ನಿಧಿಗೆ ಕೊಟ್ಟುಬಿಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ, 90ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು.

ಅದೇ 1987ರಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ಆರಂಭವಾಯಿತು. ಪ್ರತಿವರ್ಷ ಜನವರಿಯಲ್ಲಿ ಹಲವು ದೇಶಗಳ ಸ್ವಯಂಸೇವಕರು ತಮ್ಮ ಊರಿನ ಕೆರೆಯ ಬಳಿ ನಿಂತು ಎಣಿಸುತ್ತಾರೆ. 2001ರಲ್ಲಿ ಹುಟ್ಟಿದ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಚೇರಿ ಇರುವ ಒಂದು ಜಾಗತಿಕ ಜಾಲ ಗಿಡ, ಕೀಟ, ಹಕ್ಕಿ, ಪ್ರಾಣಿಗಳ 200 ಕೋಟಿಗೂ ಹೆಚ್ಚು ದಾಖಲೆಗಳನ್ನು ಒಂದೆಡೆ ಸೇರಿಸಿದೆ. ವಸ್ತುಸಂಗ್ರಹಾಲಯಗಳ ಖಾನೆಗಳಲ್ಲಿರುವ ಹಳೆಯ ಹಕ್ಕಿಗಳ ಕಾಲಿನ ಚೀಟಿಗಳನ್ನೂ ಓದಿ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂದಿತು. ಅದಕ್ಕೆ ಸುಮಾರು 30,000 ಜನರು ಕಳಿಸಿದ 3 ಕೋಟಿ ದಾಖಲೆಗಳೇ ಆಧಾರ. 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಅದು ಗುರುತಿಸಿತು. ಈ 30,000 ಜನರಲ್ಲಿ ಬಹಳಷ್ಟು ಮಂದಿ ವಿಜ್ಞಾನಿಗಳಲ್ಲ. ಕಾಲು ಗಂಟೆ ಒಂದು ಕಡೆ ನಿಂತು, ಕಂಡದ್ದೆಲ್ಲವನ್ನೂ ಬರೆದು ಕಳಿಸಿದವರು.

ಸಲೀಂ ಅಲಿ 1985ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಅದರ ಹೆಸರಿನಲ್ಲಿಯೂ ಒಂದು ಗುಬ್ಬಿ ಇದೆ. ಬಾಲ್ಯದಲ್ಲಿ ಅವರ ಕೈಗೆ ಸಿಕ್ಕ ಆ ಹಳದಿ ಕೊರಳಿನ ಗುಬ್ಬಿ ನಮ್ಮ ಕಡೆಯ ಒಣ ಕಾಡಿನಲ್ಲಿ, ಹೊಲದ ಬದುವಿನ ಮರಗಳಲ್ಲಿ ಕೂಡ ವಾಸಿಸುತ್ತದೆ. ಮನೆಗುಬ್ಬಿಗಿಂತ ಮೈ ಸ್ವಲ್ಪ ತೆಳು, ಬಣ್ಣ ಬೂದು. ಗಂಡಿನ ಕೊರಳಲ್ಲಿ ಹಳದಿ ಮಚ್ಚೆ, ರೆಕ್ಕೆಯ ಭುಜದ ಹತ್ತಿರ ಇಟ್ಟಿಗೆಗೆಂಪು. ಗೂಡು ಮರದ ಪೊಟರೆಯಲ್ಲಿ. ನೋಡಿದರೆ ದಿನಾಂಕ ಮತ್ತು ಊರಿನ ಹೆಸರು ಬರೆಯಲು ಮರೆಯಬೇಡಿ.